ಗೊಬ್ಬರದ ಲೆಕ್ಕ, ಗೊಬ್ಬರದ ಪಾಳಿ

2008ರ ಜೂನ್ 10. ಮಿರಗದ ಮಳೆ ಕೂಡಿ ಎರಡು ಮೂರು ದಿನ ಆಗಿತ್ತು. ನಾನಾಗ ಐದನೇ ತರಗತಿ. ಅಪ್ಪ ಬೆಳಗಿನ ಜಾವಕ್ಕೇ ಎದ್ದು ಡಿಎಪಿ ಗೊಬ್ಬರಕ್ಕೆಂದು ತಾಲ್ಲೂಕಿನ ಊರಿಗೆ ಹೋಗಿದ್ದ. "ಪಾಳಿ ಹಚ್ಚಿ ಬರತೇನಿ" ಎಂದು ಹೋದವನು ಸಂಜೆ ಬರಿಗೈಲಿ ಬಂದ. ಅವನು ಕಾಲು ತೊಳೆಯುವ ಹೊತ್ತಿಗೆ ಟೀವಿಯಲ್ಲಿ ಹಾವೇರಿಯ ಸುದ್ದಿ ಬರುತ್ತಿತ್ತು. ಗೊಬ್ಬರ ಕೇಳಲು ಸೇರಿದ್ದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಆ ಗೋಲಿಬಾರಿಗೆ ಇಬ್ಬರು ರೈತರು ಬಲಿಯಾದರು. ನಮ್ಮ ಜಿಲ್ಲೆಯಲ್ಲಿ ಇವತ್ತಿಗೂ ಆ ದಿನವನ್ನು ರೈತ ಹುತಾತ್ಮರ ದಿನವೆಂದು ನೆನೆಯುತ್ತಾರೆ.

ಈ ನೆನಪನ್ನು ನನ್ನ ಪಿಎಚ್.ಡಿ. ಕೆಲಸಕ್ಕೆ ತಂದು ಕೂಡಿಸುವ ಇರಾದೆ ನನಗಿರಲಿಲ್ಲ. ನನ್ನ ವಿಷಯ, ನಮ್ಮ ಪಂಚವಾರ್ಷಿಕ ಯೋಜನೆಗಳ ಒಳಕ್ಕೆ ಗಣಿತದ ಮಾದರಿಗಳು ಹೇಗೆ ಬಂದವು ಎಂಬುದು. ಒಣ ವಿಷಯ. ಮನೆಯಲ್ಲಿ ವಿವರಿಸಲು ಹೋಗಿ ಎರಡು ಸಲ ಸೋತಿದ್ದೇನೆ. ಆದರೆ ಓದುತ್ತ ಹೋದಂತೆ, ಅರವತ್ತರ ದಶಕದ ಪರಿಣತರು ಕಾಗದದ ಮೇಲೆ ಹೆಚ್ಚು ಬೆವರು ಸುರಿಸಿದ ಉದ್ಯಮಗಳಲ್ಲಿ ಗೊಬ್ಬರದ್ದೂ ಒಂದು ಎಂದು ತಿಳಿಯಿತು. ಎಲ್ಲಿ ಕಾರ್ಖಾನೆ ಕಟ್ಟಬೇಕು, ಎಷ್ಟು ದೊಡ್ಡದು, ಯಾವ ವರ್ಷ, ಎಷ್ಟನ್ನು ಹೊರಗಿನಿಂದ ತರಿಸಬೇಕು. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಅಪ್ಪ ಬರಿಗೈಲಿ ಬಂದದ್ದು ಹೇಗೆ ಎಂಬ ಪ್ರಶ್ನೆ ಆಗ ತಾನಾಗಿಯೇ ಬಂದು ಕೂತಿತು.

ಆಲನ್ ಮ್ಯಾನೆ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಸಂಪಾದಿಸಿದ ಒಂದು ಪುಸ್ತಕ 1967ರಲ್ಲಿ ಎಂಐಟಿ ಪ್ರೆಸ್‌ನಿಂದ ಬಂತು. ಉತ್ಪಾದನಾ ಸಾಮರ್ಥ್ಯ ಹೆಚ್ಚಿಸಲು ಹಣ ಹೂಡುವಾಗ ಗಾತ್ರ, ಸ್ಥಳ, ಕಾಲ ಈ ಮೂರನ್ನು ಹೇಗೆ ನಿರ್ಧರಿಸಬೇಕು ಎಂಬುದೇ ಅದರ ವಿಷಯ. ಉದಾಹರಣೆಗೆ ತೆಗೆದುಕೊಂಡದ್ದು ಭಾರತದ ನಾಲ್ಕು ಉದ್ಯಮಗಳನ್ನು: ಅಲ್ಯೂಮಿನಿಯಂ, ಕಾಸ್ಟಿಕ್ ಸೋಡಾ, ಸಿಮೆಂಟ್ ಮತ್ತು ಸಾರಜನಕ ಗೊಬ್ಬರ. ನಮ್ಮ ಟಿ. ಎನ್. ಶ್ರೀನಿವಾಸನ್ ಅವರ ಒಂದು ಅಧ್ಯಾಯವೂ ಅದರಲ್ಲಿದೆ. ಮ್ಯಾನೆ ಭಾರತದ ಯೋಜನೆಗಳ ಮೇಲೆ ಇಲ್ಲಿನವರ ಜೊತೆಗೂಡಿಯೇ ಕೆಲಸ ಮಾಡಿದವರು. ನಾಲ್ಕನೇ ಯೋಜನೆಗಾಗಿ ಅಶೋಕ್ ರುದ್ರ ಅವರೊಂದಿಗೆ ಕಟ್ಟಿದ ಮಾದರಿ 1965ರಲ್ಲಿ 'ಸಂಖ್ಯಾ' ಪತ್ರಿಕೆಯಲ್ಲಿ ಪ್ರಕಟವಾಗಿತ್ತು.

ಪುಸ್ತಕದ ಹಿಂದಿನ ಮೂಲ ಲೆಕ್ಕ ಬಹಳ ಸರಳ. ರಾಸಾಯನಿಕ ಕಾರ್ಖಾನೆಯ ಗಾತ್ರ ಎರಡರಷ್ಟಾದರೆ ಖರ್ಚು ಎರಡರಷ್ಟಾಗುವುದಿಲ್ಲ. ಎಂಜಿನಿಯರುಗಳ ಹಳೆಯ ಸೂತ್ರದ ಪ್ರಕಾರ ಸುಮಾರು ಒಂದೂವರೆ ಪಟ್ಟು, ಸ್ವಲ್ಪ ಹೆಚ್ಚು ಕಡಿಮೆ. ದೊಡ್ಡ ಟ್ಯಾಂಕಿಗೆ ಹಿಡಿಯುವ ಕಬ್ಬಿಣ ಅದು ಹಿಡಿಸುವ ಅನಿಲದಷ್ಟು ವೇಗವಾಗಿ ಹೆಚ್ಚುವುದಿಲ್ಲ ಎಂಬುದೇ ಇದರ ಗುಟ್ಟು. ಹಾಗಾದರೆ ದೊಡ್ಡದನ್ನೇ ಕಟ್ಟೋಣ ಎನ್ನಬಹುದು. ಆದರೆ ಬೇಡಿಕೆ ಅಷ್ಟಕ್ಕೆ ಏರುವವರೆಗೆ ಅರ್ಧ ಕಾರ್ಖಾನೆ ಸುಮ್ಮನೆ ಕೂತಿರುತ್ತದೆ. ಹಾಕಿದ ಹಣಕ್ಕೆ ಬಡ್ಡಿ ಮಾತ್ರ ಓಡುತ್ತಿರುತ್ತದೆ. ದೊಡ್ಡದರ ಲಾಭ ಒಂದು ಕಡೆ, ಬಡ್ಡಿ ಇನ್ನೊಂದು ಕಡೆ. ಇವೆರಡರ ನಡುವೆ ಸಮತೋಲ ಎಲ್ಲಿದೆ ಎಂದು ಮ್ಯಾನೆ 1961ರಲ್ಲೇ ತೋರಿಸಿದ್ದರು. ಕಾರ್ಖಾನೆ ಎರಡರಷ್ಟಾದಾಗ ಖರ್ಚು ಸುಮಾರು 1.62 ಪಟ್ಟಾಗುತ್ತದೆ, ಬಡ್ಡಿ ಶೇ. 10 ಎಂದಿಟ್ಟುಕೊಂಡು ನಾನೇ ಕೂತು ಲೆಕ್ಕ ಮಾಡಿದೆ. ಆರೂಮುಕ್ಕಾಲು ವರ್ಷಕ್ಕೆ ಒಂದು ಹೊಸ ಕಾರ್ಖಾನೆ ಎಂದು ಬಂತು. ಸೋಜಿಗವೆಂದರೆ, ಬೇಡಿಕೆ ವರ್ಷಕ್ಕೆ ಸಾವಿರ ಟನ್ ಏರಲಿ, ಲಕ್ಷ ಟನ್ ಏರಲಿ, ಏರಿಕೆ ಒಂದೇ ಸಮನಾಗಿದ್ದರೆ ಈ ಆರೂಮುಕ್ಕಾಲು ವರ್ಷ ಬದಲಾಗುವುದಿಲ್ಲ. ಕಾರ್ಖಾನೆಯ ಗಾತ್ರ ಮಾತ್ರ ಬದಲಾಗುತ್ತದೆ. ಮೊದಲ ಸಲ ಇದು ಅರ್ಥವಾದಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.

ಇದಕ್ಕೆ ಭೂಪಟ ಸೇರಿಸಿದರೆ ಲೆಕ್ಕ ಜಟಿಲವಾಗುತ್ತದೆ. ಎರಡು ಪ್ರಾಂತ್ಯಗಳಿವೆ ಎನ್ನಿ. ಈ ಸಲ ಒಂದರಲ್ಲಿ ದೊಡ್ಡ ಕಾರ್ಖಾನೆ ಕಟ್ಟಿ, ಕೆಲವು ವರ್ಷ ಇನ್ನೊಂದಕ್ಕೂ ಅಲ್ಲಿಂದಲೇ ರೈಲಿನಲ್ಲಿ ಕಳಿಸುವುದು. ಮುಂದಿನ ಸಲ ಸರದಿ ಬದಲಿಸುವುದು. ರೈಲಿನ ಬಾಡಿಗೆ ಎಷ್ಟು, ಕಚ್ಚಾವಸ್ತು ಎಲ್ಲಿದೆ, ಹಡಗಿನ ಸರಕು ಯಾವ ಬಂದರಿಗೆ ಬರುತ್ತದೆ, ಎಲ್ಲವನ್ನೂ ಸಮೀಕರಣಕ್ಕೆ ತರಬೇಕು. ಅಮೋನಿಯಂ ಸಲ್ಫೇಟ್‌ನಲ್ಲಿ ಸಾರಜನಕ ಶೇ. 21ರಷ್ಟಿದ್ದರೆ ಯೂರಿಯಾದಲ್ಲಿ ಶೇ. 46. ಒಂದು ವ್ಯಾಗನ್ ಯೂರಿಯಾ ಕಳಿಸುವ ಕಡೆ ಸಲ್ಫೇಟ್ ಎರಡು ವ್ಯಾಗನ್ನಿಗೂ ಮೀರುತ್ತದೆ. ಹೀಗೆ ಯಾವ ಗೊಬ್ಬರ ಎಂಬ ಪ್ರಶ್ನೆಯೂ ಎಲ್ಲಿ ಎಂಬ ಪ್ರಶ್ನೆಗೆ ಗಂಟುಬೀಳುತ್ತದೆ.

ಆದರೆ ಮಾದರಿ ಬರುವ ಮೊದಲೇ ಕಾರ್ಖಾನೆಗಳು ಬಂದಿದ್ದವಲ್ಲ. ದೇಶದಲ್ಲಿ ಮೊದಲು ಅಮೋನಿಯಾ ತಯಾರಿಸಿದ ಕೀರ್ತಿ ನಮ್ಮ ಬೆಳಗೊಳದ್ದು. ಕನ್ನಂಬಾಡಿ ಕಟ್ಟೆಯ ಪಕ್ಕದ ಊರಿನಲ್ಲಿ, ಮೂವತ್ತು-ನಲವತ್ತರ ದಶಕಗಳ ಸಂಧಿಯಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ. ಸಣ್ಣ ಕಾರ್ಖಾನೆ. ದೊಡ್ಡ ಮಟ್ಟದ ಆಲೋಚನೆ ಬಂದದ್ದು 1943ರ ಬಂಗಾಳದ ಕ್ಷಾಮದ ಬಳಿಕ. ವರ್ಷಕ್ಕೆ ಮೂರೂವರೆ ಲಕ್ಷ ಟನ್ ಅಮೋನಿಯಂ ಸಲ್ಫೇಟ್ ದೇಶದಲ್ಲೇ ತಯಾರಾಗಬೇಕು ಎಂಬ ಶಿಫಾರಸು ಆಗ ಬಂತು. ಅದರ ಫಲವೇ ಈಗಿನ ಝಾರ್ಖಂಡಿನ ಸಿಂದ್ರಿ. ಕಲ್ಲಿದ್ದಲ ನಾಡಿನ ನಡುವೆ, ದಾಮೋದರ ನದಿಯ ದಂಡೆಗೆ. ಇನ್ನೊಂದು ಕಚ್ಚಾವಸ್ತುವಾದ ಜಿಪ್ಸಮ್ ಪಂಜಾಬಿನ ಉಪ್ಪುಬೆಟ್ಟಗಳಿಂದ ಬರಬೇಕಿತ್ತು. ಕಾರ್ಖಾನೆ ಏಳುತ್ತಿರುವಾಗಲೇ ದೇಶ ಎರಡಾಯಿತು; ಜಿಪ್ಸಮ್ಮಿನ ಬೆಟ್ಟಗಳು ಪಾಕಿಸ್ತಾನಕ್ಕೆ ಹೋದವು. ರಾಜಸ್ಥಾನದಿಂದ ತರಿಸಿಕೊಳ್ಳಬೇಕಾಯಿತು. 1951ರ ಅಕ್ಟೋಬರ್ ಕೊನೆಗೆ ಉತ್ಪಾದನೆ ಆರಂಭವಾಗಿ, 1952ರ ಮಾರ್ಚಿನಲ್ಲಿ ನೆಹರೂ ಬಂದು ಉದ್ಘಾಟಿಸಿದರು. ಮಾದರಿ ಕಟ್ಟುವವರು ಭೂಪಟವನ್ನು ಕೊಟ್ಟದ್ದೆಂದು ಭಾವಿಸಿಕೊಂಡು ಶುರು ಮಾಡುತ್ತಾರೆ. ಸಿಂದ್ರಿಯ ವಿಷಯದಲ್ಲಿ ಭೂಪಟವೇ ಕೈಕೊಟ್ಟಿತು.

1950–51ರಲ್ಲಿ ಇಡೀ ದೇಶ ಬಳಸುತ್ತಿದ್ದ ರಾಸಾಯನಿಕ ಗೊಬ್ಬರ, ಪೋಷಕಾಂಶಗಳ ಲೆಕ್ಕದಲ್ಲಿ, ಸುಮಾರು 70 ಸಾವಿರ ಟನ್ ಅಷ್ಟೇ. ನಮ್ಮ ಕಡೆ ಹಿರಿಯರು ಅದನ್ನು ಇಂದಿಗೂ ಸರಕಾರಿ ಗೊಬ್ಬರ ಎನ್ನುತ್ತಾರೆ, ತಿಪ್ಪೆಗೊಬ್ಬರದಿಂದ ಬೇರೆ ಮಾಡಲು. ಆ ಹೆಸರು ಸುಮ್ಮನೆ ಬಂದದ್ದಲ್ಲ. 1944ರಿಂದಲೇ ಕೇಂದ್ರ ಗೊಬ್ಬರ ನಿಧಿ ಎಂಬ ವ್ಯವಸ್ಥೆಯಿತ್ತು. ಇಲ್ಲಿ ತಯಾರಾದದ್ದನ್ನೂ ಹೊರಗಿನಿಂದ ಬಂದದ್ದನ್ನೂ ಅದರ ಮೂಲಕ ಒಟ್ಟುಮಾಡಿ ದೇಶಕ್ಕೆಲ್ಲ ಒಂದೇ ದರದಲ್ಲಿ ಹಂಚುತ್ತಿದ್ದರು. ರೈತನ ದೃಷ್ಟಿಯಿಂದ ನ್ಯಾಯವಾದದ್ದೇ. ಆದರೆ ದೂರಕ್ಕೂ ಹತ್ತಿರಕ್ಕೂ ಒಂದೇ ದರವಾದ ಮೇಲೆ, ಕಾರ್ಖಾನೆ ತಪ್ಪು ಜಾಗದಲ್ಲಿದ್ದರೂ ಅದರ ನೋವು ಯಾರಿಗೂ ನೇರವಾಗಿ ತಟ್ಟುವುದಿಲ್ಲ. ಮ್ಯಾನೆಯ ಸಮೀಕರಣದಲ್ಲಿ ಎದ್ದು ಕಾಣುವ ರೈಲು ಬಾಡಿಗೆ, ಪೇಟೆಯಲ್ಲಿ ಕಣ್ಣಿಗೇ ಬೀಳುತ್ತಿರಲಿಲ್ಲ.

ಮೂರನೇ ಯೋಜನೆಯ ಗುರಿ ಎಂಟು ಲಕ್ಷ ಟನ್ ಸಾರಜನಕದ ಉತ್ಪಾದನೆ. 1965–66ರಲ್ಲಿ ಆದದ್ದು ಸುಮಾರು 2.3 ಲಕ್ಷ ಟನ್. ಮುಖ್ಯ ಕಾರಣ ವಿಳಂಬ. ಪರವಾನಗಿ, ವಿದೇಶಿ ವಿನಿಮಯ, ಯಂತ್ರ ಯಾರಿಂದ ತರಿಸುವುದು ಎಂಬ ಚರ್ಚೆ, ಹೀಗೆ ಕಾಗದದ ಮೇಲಿನ ಮೂರು ವರ್ಷ ನೆಲದ ಮೇಲೆ ಆರೇಳು ವರ್ಷವಾಗುತ್ತಿತ್ತು. ಅದೇ ಹೊತ್ತಿಗೆ ಮಳೆ ಕೈಕೊಟ್ಟಿತು, ಪಿಎಲ್ 480ರ ಗೋಧಿಯ ಹಡಗುಗಳನ್ನು ಎದುರು ನೋಡುವ ಸ್ಥಿತಿ ಬಂತು. ಬೆಕ್‌ಟೆಲ್ ನೇತೃತ್ವದ ಅಮೆರಿಕದ ಕಂಪನಿಗಳ ಕೂಟವೊಂದು ಐದು ಭಾರಿ ಕಾರ್ಖಾನೆಗಳನ್ನು ಕಟ್ಟುವ ಪ್ರಸ್ತಾಪ ತಂದು, ಮಾತುಕತೆ ಮುರಿದುಬಿತ್ತು. ಸಿ. ಸುಬ್ರಮಣಿಯಂ ಕೃಷಿ ಸಚಿವರಾಗಿದ್ದ ಕಾಲ. 1965ರ ನವೆಂಬರಿನಲ್ಲಿ ರೋಮ್‌ನಲ್ಲಿ ಅವರು ಅಮೆರಿಕದ ಕೃಷಿ ಕಾರ್ಯದರ್ಶಿ ಫ್ರೀಮನ್ ಜೊತೆ ಒಪ್ಪಂದಕ್ಕೆ ಬಂದರು. ಮರುತಿಂಗಳೇ ಸರ್ಕಾರ ಗೊಬ್ಬರ ಉದ್ಯಮಕ್ಕೆ ಬಾಗಿಲು ಸಡಿಲಿಸಿತು: 1967ರ ಮಾರ್ಚ್ ಒಳಗೆ ಪರವಾನಗಿ ಪಡೆದವರಿಗೆ ಏಳು ವರ್ಷ ತಮ್ಮ ಬೆಲೆ ತಾವೇ ಇಟ್ಟುಕೊಂಡು ಮಾರುವ ಸ್ವಾತಂತ್ರ್ಯ. ಮ್ಯಾನೆಯ ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಅದು ಉತ್ತರ ಹುಡುಕುತ್ತಿದ್ದ ಹಲವು ಪ್ರಶ್ನೆಗಳು ವಾಷಿಂಗ್ಟನ್, ರೋಮ್, ದೆಹಲಿಗಳ ಕೋಣೆಗಳಲ್ಲಿ ತೀರ್ಮಾನವಾಗುತ್ತಿದ್ದವು.

ಆಗಿನ ಅಗ್ಗದ ಕಚ್ಚಾವಸ್ತು ನಾಫ್ತಾ. ತೈಲ ಸಂಸ್ಕರಣಾಗಾರಗಳಲ್ಲಿ ಮಿಕ್ಕುತ್ತಿದ್ದ ಅದನ್ನು ಏನು ಮಾಡುವುದೆಂದು ತೋಚದ ಕಾಲವದು. ಹಾಗಾಗಿ ಸಾಲು ಸಾಲು ನಾಫ್ತಾ ಕಾರ್ಖಾನೆಗಳ ಯೋಜನೆ ಆಯಿತು. ನಮ್ಮ ಪಣಂಬೂರಿನದೂ ಅದೇ ಪೈಕಿ. ಆದರೆ ಅದು ಉತ್ಪಾದನೆ ಆರಂಭಿಸಿದ್ದು 1976ರಲ್ಲಿ. ನಡುವೆ 1973ರ ಅಕ್ಟೋಬರಿನ ಯುದ್ಧ ಬಂದು, ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಮೂರು ಡಾಲರ್ ಆಸುಪಾಸಿನಿಂದ ಹನ್ನೆರಡರ ಹತ್ತಿರಕ್ಕೆ ಏರಿತ್ತು. ಕರ್ನಾಟಕದ ಏಕೈಕ ಯೂರಿಯಾ ಕಾರ್ಖಾನೆ ಹೀಗೆ ದುಬಾರಿ ಕಾಲದಲ್ಲೇ ಹುಟ್ಟಿತು.

ತೈಲ ಬೇಡ, ನಮ್ಮಲ್ಲಿ ಕಲ್ಲಿದ್ದಲು ಬೇಕಾದಷ್ಟಿದೆ ಎಂಬ ವಾದ ಆಗ ಬಲವಾಯಿತು. ಒಡಿಶಾದ ತಾಲ್ಚೇರ್, ಈಗಿನ ತೆಲಂಗಾಣದ ರಾಮಗುಂಡಂ. ಎರಡೂ 1980ರ ನವೆಂಬರಿನಲ್ಲಿ ವಾಣಿಜ್ಯ ಉತ್ಪಾದನೆಗೆ ಬಂದವು. ಬೂದಿ ಹೆಚ್ಚಿನ ಕಲ್ಲಿದ್ದಲು, ಮತ್ತೆ ಮತ್ತೆ ಹೋಗುವ ಕರೆಂಟು. ತಮ್ಮ ಸಾಮರ್ಥ್ಯದ ಹತ್ತಿರಕ್ಕೂ ಬರಲಾರದೆ 1999ರಲ್ಲಿ ಎರಡೂ ಮುಚ್ಚಿದವು. ಹಲ್ದಿಯಾದ ಕಥೆ ಇನ್ನೂ ಕೆಟ್ಟದ್ದು. ಬಂಗಾಳದ ಆ ಕಾರ್ಖಾನೆಯನ್ನು ಕಟ್ಟಿ ಮುಗಿಸಿ, ಯಂತ್ರಗಳನ್ನು ಓಡಿಸಿ ನೋಡಿ, ಕೊನೆಗೆ ವಾಣಿಜ್ಯ ಉತ್ಪಾದನೆಯನ್ನೇ ಆರಂಭಿಸದೆ 1986ರಲ್ಲಿ ಕೈಬಿಟ್ಟರು. ಯಾವ ಮಾದರಿಯಲ್ಲೂ ಹೀಗೊಂದು ಕಾರ್ಖಾನೆ ಇರುವುದಿಲ್ಲ. ಅಲ್ಲಿ ಕಾರ್ಖಾನೆ ಒಂದೋ ಇರುತ್ತದೆ, ಇಲ್ಲವೋ ಇರುವುದಿಲ್ಲ: ಒಂದು ಅಥವಾ ಸೊನ್ನೆ.

ನನ್ನ ಪ್ರಕಾರ ಮಾದರಿಗಳಿಗೆ ನಿಜವಾದ ಪೆಟ್ಟು ಕೊಟ್ಟದ್ದು ತೈಲವೂ ಅಲ್ಲ, ಕಲ್ಲಿದ್ದಲೂ ಅಲ್ಲ. 1977ರ ನವೆಂಬರ್ 1ರಂದು ಜಾರಿಯಾದ ರಿಟೆನ್ಶನ್ ಬೆಲೆ ಪದ್ಧತಿ. ಮರಾಠೆ ಸಮಿತಿಯ ಶಿಫಾರಸು ಅದು. ರೈತ ಕೊಡುವ ದರ ಒಂದೇ, ಕಡಿಮೆ. ಕಾರ್ಖಾನೆಗೆ ಸಿಗುವ ದರ ಮಾತ್ರ ಪ್ರತಿಯೊಂದಕ್ಕೂ ಬೇರೆ ಬೇರೆ: ಅದರದರ ಖರ್ಚು ಎಷ್ಟೋ ಅಷ್ಟು, ಮೇಲೆ ತೆರಿಗೆ ಕಳೆದು ಶೇ. 12ರ ಪ್ರತಿಫಲ. ಶೇ. 80ರಷ್ಟು ಸಾಮರ್ಥ್ಯ ಬಳಸಿಕೊಂಡರೆ ಸಾಕು. ನಡುವಿನ ವ್ಯತ್ಯಾಸ ಸರ್ಕಾರದ ಸಬ್ಸಿಡಿ. ಉತ್ಪಾದನೆ ಹೆಚ್ಚಿಸುವ ಉದ್ದೇಶಕ್ಕೆ ಈ ಪದ್ಧತಿ ಅದ್ಭುತವಾಗಿ ಕೆಲಸ ಮಾಡಿತು, ಅದನ್ನು ಅಲ್ಲಗಳೆಯಲಾಗದು. ಬಾಂಬೆ ಹೈ ಅನಿಲ ಬಂದ ಮೇಲೆ ಥಳ್, ಹಜೀರಾ. ಆಮೇಲೆ ಹಜೀರಾದಿಂದ ಹೊರಟ ಪೈಪ್‌ಲೈನಿನ ಗುಂಟ ವಿಜಯಪುರ, ಆಂವ್ಲಾ, ಜಗದೀಶಪುರ, ಗಡೇಪಾನ್, ಬಬ್ರಾಲಾ, ಶಾಹಜಹಾನಪುರ. ಆದರೆ ಅಗ್ಗವಾಗಿ ತಯಾರಿಸಿದವನಿಗೂ ದುಬಾರಿಯಾಗಿ ತಯಾರಿಸಿದವನಿಗೂ ಅವರವರ ಖರ್ಚು ತುಂಬಿಕೊಡುವುದಾದರೆ, ಎಲ್ಲಿ ಕಟ್ಟಿದರೆ ಅಗ್ಗ ಎಂಬ ಪ್ರಶ್ನೆಯನ್ನು ಕೇಳುವವರು ಯಾರು? ಮೂರು ಕಾಸು ಉಳಿಸಲು ಸಮೀಕರಣ ಬಿಡಿಸುವ ಗಣಿತಜ್ಞನನ್ನು ಒಂದು ಕೋಣೆಯಲ್ಲಿ ಕೂರಿಸಿ, ಪಕ್ಕದ ಕೋಣೆಯಲ್ಲಿ ರಸೀದಿ ನೋಡಿ ದುಡ್ಡು ಕೊಡುತ್ತಿದ್ದ ಹಾಗೆ.

ವಿಚಿತ್ರವೆಂದರೆ, ಗೊಬ್ಬರದ ಮಾದರಿಗಳು ಗಣಿತದ ದೃಷ್ಟಿಯಿಂದ ಪ್ರಬುದ್ಧವಾದದ್ದೂ ಇದೇ ಕಾಲದಲ್ಲಿ, ವಿಶ್ವಬ್ಯಾಂಕಿನಲ್ಲಿ. ಆರ್ಮೀನ್ ಚೋಕ್ಸಿ, ಅಲೆಕ್ಸಾಂಡರ್ ಮೀರಾಸ್, ಆರ್ಡಿ ಸ್ಟೌಟ್ಯೆಸ್ಡೈಕ್ ಮೂವರೂ ಸೇರಿ ಗೊಬ್ಬರ ಉದ್ಯಮದ ಹೂಡಿಕೆ ಯೋಜನೆಯ ಬಗ್ಗೆ ಬರೆದ ಪುಸ್ತಕ 1980ರಲ್ಲಿ ಬಂತು. ಅವರ ಪ್ರಯೋಗಶಾಲೆ ಈಜಿಪ್ಟ್. ಆಸ್ವಾನ್ ಅಣೆಕಟ್ಟಿನ ವಿದ್ಯುತ್ತಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಕಾರ್ಖಾನೆ, ಹೆಲ್ವಾನ್‌ನಲ್ಲಿ ಉಕ್ಕಿನ ಕಾರ್ಖಾನೆಯ ಕೋಕ್ ಅನಿಲ ಬಳಸುವ ಇನ್ನೊಂದು, ಮುಖಜಭೂಮಿಯಿಂದ ಮೇಲಿನ ಈಜಿಪ್ಟಿನವರೆಗೆ ಒಂದೊಂದು ಪ್ರಾಂತ್ಯದ ಬೇಡಿಕೆ. ನಮ್ಮ ನಂಗಲ್ ಕಾರ್ಖಾನೆಯೂ 1961ರಲ್ಲಿ ಭಾಕ್ರಾದ ವಿದ್ಯುತ್ತಿನಿಂದ ಹೀಗೆಯೇ ಶುರುವಾದದ್ದು. ಎಪ್ಪತ್ತರ ದಶಕದಲ್ಲಿ ಅದನ್ನು ವಿಸ್ತರಿಸುವಾಗ ತೈಲದ ಮೊರೆಹೋದರು.

ಈ ಕೆಲಸದಲ್ಲಿ ವಿಶ್ವಬ್ಯಾಂಕಿನವರಿಗೆ ಕಾಡಿದ ತೊಂದರೆ ನನಗೆ ಬಹಳ ಆಪ್ತ. ಮಾದರಿ ದೊಡ್ಡದಾದಷ್ಟೂ ಅದನ್ನು ಕಂಪ್ಯೂಟರಿಗೆ ಊಡುವ ಪ್ರೋಗ್ರಾಂ ಕಟ್ಟಿದವನಿಗೆ ಬಿಟ್ಟು ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ದೇಶದ ಮಂತ್ರಾಲಯಕ್ಕೆ ಹೋಗಿ, ಇಗೋ ನಿಮ್ಮ ಗೊಬ್ಬರ ಉದ್ಯಮ ಎಂದು ಅಂಕಿಗಳ ಕಂತೆ ಇಟ್ಟರೆ ಅಲ್ಲಿಯ ಅಧಿಕಾರಿ ಏನು ಮಾಡಬೇಕು? ಅದಕ್ಕೆ ಮೀರಾಸ್ ಮತ್ತು ಯಾನ್ ಬಿಸ್ಖಾಪ್, ಬೀಜಗಣಿತವನ್ನು ಪುಸ್ತಕದಲ್ಲಿ ಬರೆಯುವಂತೆಯೇ ಬರೆದರೆ ಕಂಪ್ಯೂಟರೂ ಓದಬೇಕು, ಮನುಷ್ಯರೂ ಓದಬೇಕು ಎಂದು ಒಂದು ಭಾಷೆ ರೂಪಿಸಿದರು. ಅದೇ ಗ್ಯಾಮ್ಸ್. ಇವತ್ತು ವಿದ್ಯುತ್ ಜಾಲದಿಂದ ಹಿಡಿದು ಹವಾಮಾನದ ಲೆಕ್ಕದವರೆಗೆ ಬಳಕೆಯಾಗುವ ಈ ಸಾಧನದ ಬೇರು ಇಂಥ ಕೈಗಾರಿಕಾ ಯೋಜನೆಗಳಲ್ಲಿದೆ. ಈಜಿಪ್ಟಿನ ಆ ಗೊಬ್ಬರದ ಮಾದರಿ ಅದರ ಉದಾಹರಣೆಗಳ ಸಂಗ್ರಹದಲ್ಲಿ ಈಗಲೂ ಇದೆ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಓಡಿಸಿದೆ. ಆ ಕಾಲದ ದೊಡ್ಡ ಕಂಪ್ಯೂಟರುಗಳನ್ನು ದುಡಿಸಿದ ಲೆಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಓಡಿಸಿ ನೋಡಿದಾಗಲೇ ನನಗೆ ಎರಡು ಸಂಗತಿ ಕಣ್ಣಿಗೆ ಬಿದ್ದದ್ದು. ಒಂದು, ಇಂಥ ಮಾದರಿಯಲ್ಲಿ ಬೇಡಿಕೆ ಪೂರೈಕೆಯಾಗಲೇಬೇಕು. ಕಾರ್ಖಾನೆ ಸಾಲದಿದ್ದರೆ ಆಮದು ಬರುತ್ತದೆ, ಖರ್ಚು ಹೆಚ್ಚಾಗುತ್ತದೆ ಅಷ್ಟೇ. ಕೊರತೆ ಎಂಬುದು ದುಡ್ಡಿನ ರೂಪ ತಾಳುತ್ತದೆ. ಪಾಳಿಯ ರೂಪ ತಾಳುವುದೇ ಇಲ್ಲ. ಎರಡನೆಯದು, ಅಲ್ಲಿ ಕಾಲದ ಅಳತೆ ವರ್ಷ. ಹೂಡಿಕೆಯ ಮಾದರಿಯಾದರೆ ಕೆಲವು ವರ್ಷಗಳ ಒಂದೊಂದು ಕಂತು. ಮೇ ತಿಂಗಳಲ್ಲಿ ಬಂದ ಟನ್ನೂ ಆಗಸ್ಟಿನಲ್ಲಿ ಬಂದ ಟನ್ನೂ ಅದಕ್ಕೆ ಒಂದೇ. ಗೋವಿನಜೋಳ ಬಿತ್ತುವವನಿಗೆ ಹಾಗಲ್ಲ. ಡಿಎಪಿ ಬೀಜದ ಜೊತೆಗೇ ನೆಲಕ್ಕೆ ಬೀಳಬೇಕು, ರೋಹಿಣಿ ಮಿರಗದ ಹದದಲ್ಲಿ. ಆ ಹದಿನೈದು ದಿನ ತಪ್ಪಿದರೆ ಉಳಿದ ಮುನ್ನೂರೈವತ್ತು ದಿನ ಗೋದಾಮು ತುಂಬಿದ್ದರೂ ಅವನಿಗೆ ಪ್ರಯೋಜನವಿಲ್ಲ. ಹೂಡಿಕೆ ನಿರ್ಧರಿಸಲು ಕಟ್ಟಿದ ಮಾದರಿಯಲ್ಲಿ ಹದವನ್ನು ಹುಡುಕುವುದು ನನ್ನ ತಪ್ಪು ಎಂದು ಒಬ್ಬ ಸಹಪಾಠಿ ಹೇಳಿದ. ಸರಿಯೇ. ಆದರೆ ಮಾದರಿಯ ಮಾತು ದೆಹಲಿಯಲ್ಲಿ ಅಷ್ಟು ವರ್ಷ ಕೇಳಿಬಂದಾಗ, ಯಾವುದು ವರ್ಷದ ಲೆಕ್ಕ, ಯಾವುದು ಹದಿನೈದು ದಿನದ ಲೆಕ್ಕ ಎಂದು ವಿಂಗಡಿಸಿ ಎರಡನೆಯದಕ್ಕೂ ಅಷ್ಟೇ ತಲೆ ಖರ್ಚು ಮಾಡಿದವರು ಎಷ್ಟು ಜನ?

2008ಕ್ಕೆ ಬರೋಣ. ಡಿಎಪಿಗೆ ಬೇಕಾದ ರಂಜಕದ ಶಿಲೆ, ಗಂಧಕ ನಮ್ಮಲ್ಲಿ ಸಾಕಷ್ಟಿಲ್ಲ. ಗೊಬ್ಬರವನ್ನೋ ಅದರ ಕಚ್ಚಾವಸ್ತುವನ್ನೋ ತರಿಸಿಕೊಳ್ಳಲೇಬೇಕು. ಆ ವರ್ಷ ಜಗತ್ತಿನ ಪೇಟೆಯಲ್ಲಿ ಡಿಎಪಿ ಬೆಲೆ ಟನ್ನಿಗೆ ಸಾವಿರ ಡಾಲರ್ ದಾಟಿತು. ಯೂರಿಯಾದ ಕಡೆ ನೋಡಿದರೆ, 1999ರಿಂದಾಚೆ ಸುಮಾರು ಎರಡು ದಶಕ ದೇಶದಲ್ಲಿ ಹೊಸ ಯೂರಿಯಾ ಕಾರ್ಖಾನೆಯೇ ಏಳಲಿಲ್ಲ. ಮ್ಯಾನೆಯ ಸೂತ್ರದ ಆರೂಮುಕ್ಕಾಲು ವರ್ಷ ಇಲ್ಲಿ ಇಪ್ಪತ್ತಾಯಿತು. ಅನಿಲ ಇರುವಲ್ಲೇ ಕಟ್ಟಬೇಕೆಂಬ ಅವನ ತರ್ಕ ಪಾಲನೆಯಾದದ್ದು ಒಮಾನಿನಲ್ಲಿ: ಇಫ್ಕೋ ಮತ್ತು ಕ್ರಿಭ್ಕೋ ಅಲ್ಲಿಯವರ ಜೊತೆ ಸೇರಿ ಸೂರ್ ಎಂಬಲ್ಲಿ ಕಟ್ಟಿದ ಯೂರಿಯಾ ಕಾರ್ಖಾನೆಯ ಸರಕು ಇಲ್ಲಿಗೆ ಬರುತ್ತಿತ್ತು. 2008–09ರ ಗೊಬ್ಬರದ ಸಬ್ಸಿಡಿ ಒಂದು ಲಕ್ಷ ಕೋಟಿ ರೂಪಾಯಿಯ ಹತ್ತಿರ ಮುಟ್ಟಿತು. ಮಾದರಿ ಹೇಳಿದ ಹಾಗೇ ಆಯಿತು, ನೋಡಿ. ಕೊರತೆ ದುಡ್ಡಾಯಿತು. ಅದರ ಜೊತೆ ಪಾಳಿಯೂ ಆಯಿತು.

ಪಣಂಬೂರು ಮುಂದೆಯೂ ನಾಫ್ತಾದಲ್ಲೇ ನಡೆಯಿತು. ಅನಿಲಕ್ಕೆ ಬದಲಾಗಿ ಎಂದು ಸರ್ಕಾರ ಹೇಳುತ್ತಿತ್ತು. ಅನಿಲ ತರುವ ಕೊಳವೆ ಇರಲಿಲ್ಲ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಪೈಪ್‌ಲೈನ್ ಉದ್ಘಾಟನೆಯಾದದ್ದು 2021ರ ಜನವರಿಯಲ್ಲಿ. ಅದೇ ಸುಮಾರಿಗೆ ಮುಚ್ಚಿದ್ದ ಹಳೆಯ ಕಾರ್ಖಾನೆಗಳು ಒಂದೊಂದಾಗಿ ತೆರೆದವು. ರಾಮಗುಂಡಂ, ಗೋರಖಪುರ, ಬರೌನಿ, ಸಿಂದ್ರಿ, ಎಲ್ಲವೂ ಈಗ ಅನಿಲದವು, ಒಂದೊಂದಕ್ಕೂ ವರ್ಷಕ್ಕೆ 12.7 ಲಕ್ಷ ಟನ್ ಯೂರಿಯಾ ಸಾಮರ್ಥ್ಯ. ಸಿಂದ್ರಿಯಲ್ಲಿ ಈಗ ಜಿಪ್ಸಮ್ಮೂ ಬೇಡ, ಕಲ್ಲಿದ್ದಲೂ ಬೇಡ. ಆ ಜಾಗವನ್ನು ಆರಿಸಿದ ಕಾರಣಗಳಲ್ಲಿ ದೊಡ್ಡವೆರಡೂ ಹೋಗಿವೆ. ಭೂಮಿ, ರೈಲು ಹಳಿ, ನೀರು ಇದ್ದಲ್ಲೇ ಇವೆ ಎಂದು ಅನಿಲದ ಕೊಳವೆಯನ್ನೇ ಅಲ್ಲಿಗೆ ಎಳೆದರು.

ಹೋದ ಮುಂಗಾರಿನಲ್ಲಿ ನಾನೇ ಒಂದು ಪುಟ್ಟ ಮಾದರಿ ಕಟ್ಟಿದೆ. ಎರಡು ಕಾರ್ಖಾನೆ, ಒಂದು ಬಂದರು, ಮೂರು ಜಿಲ್ಲೆ. ವರ್ಷವನ್ನು ಹದಿನೈದು ದಿನದ ಇಪ್ಪತ್ತನಾಲ್ಕು ತುಂಡು ಮಾಡಿ, ಜೂನ್ ಮೊದಲ ತುಂಡಿನಲ್ಲಿ ಬರಬೇಕಾದ ಹಡಗನ್ನು ತಡೆದೆ. ಗೋದಾಮಿನಲ್ಲಿ ಮೊದಲೇ ದಾಸ್ತಾನು ಇಟ್ಟಿರಲಿಲ್ಲ. ಪರಿಹಾರ ಸಾಧ್ಯವಿಲ್ಲ ಎಂದು ಒಂದೇ ಪದದಲ್ಲಿ ತಿಳಿಸಿ ಕಂಪ್ಯೂಟರ್ ಕೈಚೆಲ್ಲಿತು. ಯಾವ ಜಿಲ್ಲೆಗೆ ಎಷ್ಟು ಕಡಿಮೆ, ಯಾರು ಕಾಯಬೇಕು, ಏನೂ ಇಲ್ಲ. ಕೊರತೆಗೆಂದೇ ಒಂದು ಚಲಕ ಸೇರಿಸಿ, ಅದಕ್ಕೆ ಎಷ್ಟು ದಂಡ ಹಾಕಬೇಕೆಂದು ತಿಳಿಯದೆ ಕೂತಿದ್ದೆ. ಟನ್ನಿಗೆ ಎಷ್ಟು ರೂಪಾಯಿ ಎಂದು ಬರೆಯುವುದು?

ಆ ಸಂಜೆ ಅಪ್ಪ ಫೋನ್ ಮಾಡಿದ್ದ. ಯೂರಿಯಾ ಬಂದೈತಂತ ನಸುಕಿನ್ಯಾಗ ಹೋದರೆ ತನಗಿಂತ ಮೊದಲು ಚಪ್ಪಲಿಗಳು ಪಾಳಿ ನಿಂತಿದ್ದವಂತೆ. ಹತ್ತು ಗಂಟೆಗೆ ಲಾರಿ ಬಂತು, 45 ಕೆಜಿಯ ಚೀಲ, ಆಧಾರ್ ತೋರಿಸಿ ಹೆಬ್ಬೆಟ್ಟು ಒತ್ತಿದ ಮೇಲೆ ಎರಡು ಸಿಕ್ಕವು. "ನಾಕ ಬೇಕಾಗಿದ್ದೂವು" ಎಂದ. ಮತ್ತೆ, "ನಿಂದು ಗೊಬ್ಬರದ ಲೆಕ್ಕ ಎಲ್ಲಿಗೆ ಬಂತ ಯವ್ವಾ?" ಎಂದು ಕೇಳಿದ.

ಇನ್ನೂ ಒಂದು ಅಂಕಿ ಸಿಕ್ಕಿಲ್ಲಪ್ಪ ಎಂದೆ.